ಕೆಂಪು ಹಾಸೂ ಸಭಾವೇಷವೂ: ಬೆಂಗಳೂರಿನ ಉತ್ತರಭಾಗದಿಂದ ಒಂದು ಐತಿಹಾಸಿಕ ಸಮೀಕ್ಷೆ

೧

೨೦೨೨ನೆಯ ಇಸವಿಯ ಅಕ್ಟೋಬರ್ ೯ರಂದು, ಯಶವಂತಪುರವನ್ನು ದಾಟಿ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ದಕ್ಷಿಣ ಭಾರತದ ನಾಲ್ಕು ಭಾಷೆಗಳ ಚಲನಚಿತ್ರಗಳಿಗಾಗಿ ಏರ್ಪಟ್ಟ ಅರವತ್ತೇಳನೆಯ ಫಿಲ್ಮ್‌ಫೇರ್ ಪ್ರಶಸ್ತಿ ಪ್ರದಾನ ಸಮಾರಂಭವು ಜರುಗಿತು. ಕನ್ನಡ ವಿಭಾಗದಲ್ಲಿ ‘ಆಕ್ಟ್ ೧೯೭೮’ ಶ್ರೇಷ್ಠ ಚಿತ್ರವೆಂದು ಪರಿಗಣಿತವಾಯಿತು. ಧನಂಜಯ ಮತ್ತು ಯಜ್ಞಾ ಶೆಟ್ಟಿಯವರು ಶ್ರೇಷ್ಠ ನಟನಟಿಯರೆಂಬ ಗೌರವಕ್ಕೆ ಪಾತ್ರರಾದರು. ಹಿಂದಿನ ವರ್ಷ ಅಗಲಿದ ಪುನೀತ್ ರಾಜ್‌ಕುಮಾರರಿಗೆ ಮರಣೋತ್ತರವಾಗಿ ಜೀವಮಾನದ ಸಾಧನೆಯ ಪ್ರಶಸ್ತಿ ಸಂದಿತು. ಇದು ತೀರ್ಪುಗಾರರು ಕೊಟ್ಟ ನಿರ್ಣಯ. ಆದರೆ ಇಂಥ ಸಮಾರಂಭಗಳಲ್ಲಿ ಇನ್ನೊಂದು ನಿರ್ಣಯವೂ ನಡೆಯುತ್ತದೆಯೆಂಬುದು ಎಲ್ಲರಿಗೂ ವಿದಿತವೇ ಇದೆ. ಬಾಗಿಲಿನಲ್ಲಿ ಹಾಸಿದ ಕೆಂಪು ರತ್ನಗಂಬಳಿಯ ಮೇಲೆ ಯಾರು ಏನನ್ನು ಉಟ್ಟು ಬಂದರು, ಯಾರ ಉಡುಪು ಅತ್ಯುತ್ತಮ, ಯಾರದು ಅತ್ಯಂತ ಕೆಟ್ಟದ್ದು ಎಂಬ ಎರಡು ಪಟ್ಟಿಗಳು ಮರುದಿನವೇ ಸಿದ್ಧವಾಗುತ್ತವೆ. ಈ ಎರಡನೆಯ ನಿರ್ಣಯಕ್ಕೆ ನೇಮಿತ ತೀರ್ಪುಗಾರರಿಲ್ಲ, ನಿಯಮಾವಳಿಯಿಲ್ಲ, ಮೇಲ್ಮನವಿಯೂ ಇಲ್ಲ.

ವಿದ್ವಾಂಸರು ಸಾಮಾನ್ಯವಾಗಿ ಈ ಪಟ್ಟಿಗಳನ್ನು ಹಗುರವಾದ ವಿಷಯವೆಂದು ಬದಿಗಿಡುತ್ತಾರೆ. ನಾವು ಹಾಗೆ ಮಾಡಲು ಇಚ್ಛಿಸುವುದಿಲ್ಲ. ಸನ್ಮಾನದ ಸಭೆಗೆ ಯಾವ ಉಡುಪು ಯೋಗ್ಯ ಎಂಬ ಪ್ರಶ್ನೆ ಕನ್ನಡನಾಡಿನಲ್ಲಿ ಬಹು ಹಳೆಯದು. ಕಾಲಕಾಲಕ್ಕೆ ಬದಲಾಗಿರುವುದು ಆ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬುದು ಮಾತ್ರ. ಆ ಅಧಿಕಾರವು ಕೈಯಿಂದ ಕೈಗೆ ಸಾಗಿದ ಬಗೆಯನ್ನು, ಯಲಹಂಕ, ಹೆಬ್ಬಾಳ, ಯಶವಂತಪುರಗಳನ್ನೊಳಗೊಂಡ ಉತ್ತರ ಬೆಂಗಳೂರನ್ನು ಮುಖ್ಯ ನೆಲೆಯಾಗಿಟ್ಟುಕೊಂಡು, ಸಂಗ್ರಹವಾಗಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದವನ್ನೇ ನೋಡೋಣ. ಇಂದು ಯಾವುದೇ ಕಾಣಿಕೆಗೆ ನಾವು ‘ಉಡುಗೊರೆ’ ಎನ್ನುತ್ತೇವೆ. ಆದರೆ ಆ ಶಬ್ದದೊಳಗೆ ‘ಉಡು’ ಎಂಬ ಧಾತುವು ಸ್ಪಷ್ಟವಾಗಿಯೇ ಕುಳಿತಿದೆ. ಉಡಲು ಕೊಡುವ ವಸ್ತ್ರವೇ ಉಡುಗೊರೆಯ ಮೂಲಾರ್ಥ. ಅಂದರೆ ಕನ್ನಡಿಗರ ಭಾವನೆಯಲ್ಲಿ ಗೌರವವೂ ವಸ್ತ್ರವೂ ಬೇರೆಬೇರೆಯಾಗಿರಲಿಲ್ಲ. ಸನ್ಮಾನಿತನು ತನ್ನ ಅಂದದ ಉಡುಪಿನಲ್ಲಿ ಸಭೆಗೆ ಬಂದು ಮೆಚ್ಚಿಸುವುದಕ್ಕಿಂತ, ಸಭೆಯೇ ಅವನಿಗೆ ಉಡುಪನ್ನು ತೊಡಿಸಿ ಕಳುಹಿಸುವುದು ಇಲ್ಲಿಯ ಪದ್ಧತಿ. ಪಶ್ಚಿಮ ಏಷ್ಯದಿಂದ ಬಂದ ‘ಖಿಲ್ಲತ್ತು’ ಎಂಬ ಪದ್ಧತಿಯೂ ಇದೇ ಬಗೆಯದು. ಅರಸನು ಕೊಟ್ಟ ನಿಲುವಂಗಿಯನ್ನು ಅವನೆದುರಿಗೇ ತೊಟ್ಟವನು ಅವನ ಆಶ್ರಿತನೆಂದು ಎಲ್ಲರೂ ತಿಳಿಯುತ್ತಿದ್ದರು.

ಕಾಲಡಿಯ ಹಾಸಿನ ಸಂಗತಿಯೂ ನಮಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ದೇವರ ಉತ್ಸವ ಬರುವಾಗ ಮಡಿವಾಳರು ಒಗೆದ ವಸ್ತ್ರವನ್ನು ಹಾದಿಯುದ್ದಕ್ಕೂ ಹಾಸುವ ‘ನಡೆಮಡಿ’ಯ ಸಂಪ್ರದಾಯವುಂಟು. ದೂರದ ಗ್ರೀಸಿನಲ್ಲಿಯೂ ಇಂಥದೊಂದು ನಿದರ್ಶನ ಸಿಗುತ್ತದೆ. ಬಿ. ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ಅನುವಾದದ ಮೂಲಕ ಕನ್ನಡಿಗರಿಗೆ ಪರಿಚಿತನಾದ ಈಸ್ಕಿಲಸನು ಕ್ರಿಸ್ತಪೂರ್ವ ೪೫೮ರಲ್ಲಿ ರಂಗಕ್ಕೆ ತಂದ ‘ಅಗಮೆಮ್ನಾನ್’ ನಾಟಕದಲ್ಲಿ, ಟ್ರಾಯ್ ಯುದ್ಧವನ್ನು ಗೆದ್ದು ಬಂದ ಅರಸನಿಗೆ ಅವನ ರಾಣಿ ಕೆಂಪು ವಸ್ತ್ರಗಳನ್ನು ಹಾಸಿ ಸ್ವಾಗತಿಸುತ್ತಾಳೆ. ದೇವತೆಗಳಿಗೆ ಸಲ್ಲತಕ್ಕ ಮರ್ಯಾದೆ ತನಗೆ ಬೇಡವೆಂದು ಅರಸನು ಅಳುಕುತ್ತಾನೆ. ಕೊನೆಗೆ ಪಾದರಕ್ಷೆಗಳನ್ನು ಕಳಚಿಸಿ ಅದರ ಮೇಲೆ ಕಾಲಿಡುತ್ತಾನೆ. ನಡೆಮಡಿಯನ್ನು ಹಾಸುವುದು ದೇವರಿಗೆ. ಗ್ರೀಕ್ ಅರಸನೂ ಅದು ದೇವರಿಗೇ ತಕ್ಕುದೆಂದು ಹೆದರಿದನು. ಹಾಸಿನ ಮೇಲೆ ನಡೆಯುವವರಿಗೆ ಒಂದು ಬಗೆಯ ಅಳುಕು ಇರತಕ್ಕದ್ದೆಂಬ ಭಾವನೆ ಎರಡು ಕಡೆಗೂ ಸಮಾನವಾಗಿ ಕಾಣಬರುತ್ತದೆ. ಬರಿಗಾಲಿನ ಈ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಮತ್ತೆ ಬರುವುದು.

೩

ಯಲಹಂಕ ನಾಡಪ್ರಭುಗಳು ವಿಜಯನಗರದ ಅರಸರ ಸಾಮಂತರಾಗಿದ್ದರು. ಅವರಲ್ಲಿ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದನು. ಆತನ ಕಾಲದ ಆಸ್ಥಾನವೇಷ ಹೇಗಿದ್ದಿತೆಂಬುದನ್ನು ತಿಳಿಯಲು ನಮಗೆ ಎರಡು ಉತ್ತಮ ಆಧಾರಗಳಿವೆ.

ಮೊದಲನೆಯದು ಚಿತ್ರಗಳ ಆಧಾರ. ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳ ಮೂಲಕ ಉತ್ತರಕ್ಕೆ ಸಾಗುವ ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು ೧೨೦ ಕಿಲೋಮೀಟರು ದೂರದಲ್ಲಿ, ಇಂದಿನ ಆಂಧ್ರಪ್ರದೇಶದ ಗಡಿಯೊಳಗೆ ಲೇಪಾಕ್ಷಿಯ ವೀರಭದ್ರ ದೇವಾಲಯವಿದೆ. ಅಚ್ಯುತರಾಯನ ಕಾಲದಲ್ಲಿ, ಅಂದರೆ ಬೆಂಗಳೂರು ಹುಟ್ಟಿದ ಆಸುಪಾಸಿನಲ್ಲಿಯೇ, ಅಲ್ಲಿಯ ಮಾಳಿಗೆಯ ಮೇಲೆ ಬರೆದ ವರ್ಣಚಿತ್ರಗಳಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ತಮ್ಮ ಪರಿವಾರದೊಡನೆ ಕಾಣಿಸಿಕೊಳ್ಳುತ್ತಾರೆ. ಅವರ ತಲೆಯ ಮೇಲೆ ಎತ್ತರವಾದ ಕುಲ್ಲಾಯಿಗಳಿವೆ. ಸ್ತ್ರೀಯರ ಸೀರೆಗಳಲ್ಲಿ ಪಟ್ಟೆ, ಚೌಕಳಿ, ಹೂಬಳ್ಳಿಗಳ ವೈವಿಧ್ಯವು ಎದ್ದು ತೋರುತ್ತದೆ. ಕುಲ್ಲಾಯಿಯೂ ‘ಕಬಾಯಿ’ ಎಂಬ ನಿಲುವಂಗಿಯೂ ಪಶ್ಚಿಮ ಏಷ್ಯದ ಆಸ್ಥಾನಗಳಿಂದ ಬಂದವು. ವಿಜಯನಗರದ ಅರಸರು ಇವನ್ನು ತಿಳಿದೇ ಸ್ವೀಕರಿಸಿ, ಹೊರಗಿನ ರಾಜ್ಯಗಳೊಡನೆ ಸಮಾನಸ್ಕಂಧರಾಗಿ ನಿಲ್ಲುವ ಸಾಧನವಾಗಿ ಬಳಸಿದರೆಂದು ಫಿಲಿಪ್ ವ್ಯಾಗನರ್ ಅವರು ೧೯೯೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದ್ದಾರೆ. ಆಸ್ಥಾನದ ಆ ಟೋಪಿಯ ಹೆಸರು ನಮ್ಮ ಮನೆಗಳಲ್ಲಿ ಕೂಸುಗಳಿಗೆ ತೊಡಿಸುವ ‘ಕುಲಾವಿ’ಯಲ್ಲಿ ಇಂದಿಗೂ ಉಳಿದಿದೆ. ಶುದ್ಧ ದೇಶೀಯವೆಂದು ನಾವು ಭಾವಿಸುವ ಸಭಾವೇಷಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯವೆಂದು ಇದರಿಂದ ಸ್ಪಷ್ಟವಾಗುವುದು.

ಎರಡನೆಯ ಆಧಾರವು ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ವೃತ್ತಾಂತ. ಕೃಷ್ಣದೇವರಾಯನು ಚಿನ್ನದ ಎಳೆಯಲ್ಲಿ ಗುಲಾಬಿಗಳನ್ನು ಕಸೂತಿ ಮಾಡಿದ್ದ ಬಿಳಿಯ ವಸ್ತ್ರವನ್ನುಟ್ಟು, ಕೊರಳಲ್ಲಿ ವಜ್ರದ ಹಾರ, ತಲೆಯ ಮೇಲೆ ಜರತಾರಿಯ ಟೋಪಿಯನ್ನು ಧರಿಸಿದ್ದನೆಂದೂ, ಆದರೆ ಬರಿಗಾಲಿನಲ್ಲಿದ್ದನೆಂದೂ, ಅರಸನಿರುವಲ್ಲಿಗೆ ಪಾದರಕ್ಷೆ ಮೆಟ್ಟಿ ಯಾರೂ ಪ್ರವೇಶಿಸುತ್ತಿರಲಿಲ್ಲವೆಂದೂ ಅವನು ತಿಳಿಸುತ್ತಾನೆ. ತನ್ನೊಡನಿದ್ದ ಪೋರ್ಚುಗೀಸರ ಮುಖಂಡನಿಗೆ ಅರಸನು ಬೀಳ್ಕೊಡುವಾಗ ಜರತಾರಿಯ ಕಬಾಯಿಯನ್ನೂ ತಾನು ಧರಿಸುವಂಥದೇ ಟೋಪಿಯನ್ನೂ ಕೊಟ್ಟನೆಂದು ಬರೆಯುತ್ತಾನೆ. ಇದು ಶಬ್ದದ ಪೂರ್ಣಾರ್ಥದಲ್ಲಿ ಉಡುಗೊರೆ.

ಅದೇ ಪಾಯೆಸನು ಮಹಾನವಮಿಯ ಉತ್ಸವದಲ್ಲಿ ಕಂಡ ಅರಮನೆಯ ಸ್ತ್ರೀಯರ ಸಂಗತಿಯನ್ನೂ ಹೇಳಿದ್ದಾನೆ. ಅವರ ಮೈಮೇಲಿನ ಬಳೆ, ಬಂಗಾರ, ರತ್ನಗಳ ಭಾರವು ಎಷ್ಟಿದ್ದಿತೆಂದರೆ ಅನೇಕರು ಅದನ್ನು ತಾಳಲಾರದೆ, ಬೇರೆ ಹೆಂಗಸರು ಅವರ ತೋಳುಗಳನ್ನು ಹಿಡಿದುಕೊಂಡು ನಡೆಸಬೇಕಾಗಿತ್ತಂತೆ. ಒಡವೆಗಳು ಅರಮನೆಯ ವೈಭವವನ್ನು ಸಾರುತ್ತಿದ್ದವು. ಅವನ್ನು ಹೊತ್ತವರು ಮಾತ್ರ ಸ್ವತಃ ನಿಲ್ಲಲಾರದೆ ಹೋದರು. ಧರಿಸಿದವರನ್ನು ಮರೆಯಿಸಿ ವಸ್ತುವನ್ನು ಮಾತ್ರ ತೋರಿಸುವ ಉಡುಪನ್ನೇ ನಾವು ಕೆಟ್ಟದ್ದೆಂದು ಕರೆಯುವುದಾದರೆ, ನಮ್ಮ ಇತಿಹಾಸದಲ್ಲಿ ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈ ವ್ಯವಸ್ಥೆಯಲ್ಲಿ ಯೋಗ್ಯತೆಯ ನಿರ್ಣಾಯಕನು ಅರಸನೊಬ್ಬನೇ. ಅವನು ಕೊಟ್ಟದ್ದನ್ನು ಧರಿಸುವುದು ಗೌರವ. ಕೊಡದಿರುವ ಲಾಂಛನವನ್ನು ತಾನಾಗಿ ಧರಿಸುವುದು ಅಪರಾಧ. ಕೆಂಪೇಗೌಡನು ಸ್ವಂತ ನಾಣ್ಯವನ್ನು ಟಂಕಿಸಿದುದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂಬ ಐತಿಹ್ಯವು ಈ ಮನೋಧರ್ಮಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

೪

ಬ್ರಿಟಿಷರ ಆಳ್ವಿಕೆಯಲ್ಲಿ ಈ ಅಧಿಕಾರವು ಅರಸನ ಇಚ್ಛೆಯಿಂದ ಲಿಖಿತ ನಿಯಮಗಳಿಗೆ ದಾಟಿತು. ದರ್ಬಾರುಗಳಲ್ಲಿ ಭಾರತೀಯರು ಪಾದರಕ್ಷೆಯನ್ನು ಕಳಚಬೇಕೇ ಎಂಬ ವಿಷಯವೇ ಸರ್ಕಾರದ ನಿರ್ಣಯಕ್ಕೆ ಬಂದಿತು. ಐರೋಪ್ಯ ರೀತಿಯ ಬೂಟುಗಳನ್ನು ಹಾಕಿದವರು ಅವುಗಳೊಡನೆಯೇ ಬರಬಹುದೆಂದು ೧೮೫೪ರಲ್ಲಿ ಆದ ನಿರ್ಣಯವು ೧೮೬೮ರಲ್ಲಿ ವಿಸ್ತಾರಗೊಂಡಿತು. ನಾಡಿನ ಜೋಡುಗಳನ್ನು ಮೆಟ್ಟಿದವರಿಗೆ ಆ ಸವಲತ್ತು ಇರಲಿಲ್ಲ. ಹೀಗೆ ಕೃಷ್ಣದೇವರಾಯನಿಗೂ ಅವನ ಪ್ರಜೆಗಳಿಗೂ ಸಮಾನವಾಗಿದ್ದ ಬರಿಗಾಲು, ಈಗ ಒಂದು ವರ್ಗದವರ ಕೀಳುತನದ ಗುರುತಾಗಿ ಪರಿಣಮಿಸಿತು.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ದರ್ಬಾರು ಪೋಷಾಕು ಒಂದು ಖಚಿತ ರೂಪವನ್ನು ತಳೆದಿತ್ತು. ಉದ್ದನೆಯ ಕೋಟು, ಜರಿಯಂಚಿನ ಪೇಟ, ಕೊರಳಿನಿಂದ ಇಳಿಯುವ ವಲ್ಲಿ ಇವು ಅದರ ಮುಖ್ಯ ಅಂಗಗಳು. ೧೯೧೨ರಿಂದ ೧೯೧೮ರ ವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳ ಮೂಲಕ ಆ ಪೇಟವು ಎಲ್ಲ ಕನ್ನಡಿಗರ ಕಣ್ಣಿನಲ್ಲಿಯೂ ನಿಂತಿದೆ. ಆ ೧೯೧೨ರಲ್ಲಿಯೇ ಮಹಾರಾಜರ ಆಶ್ರಯದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಸ್ವಿಟ್ಜರ್ಲೆಂಡಿನಿಂದ ತರಿಸಿದ ಹತ್ತು ಯಂತ್ರಮಗ್ಗಗಳೊಡನೆ ಆರಂಭವಾಯಿತು. ಮೊದಮೊದಲು ಅರಮನೆಯ ಅಗತ್ಯಗಳಿಗಾಗಿ ನೇಯ್ದ ಆ ಬಟ್ಟೆಯೇ ಕ್ರಮೇಣ ನಾಡಿನ ಮದುವೆಯ ಸೀರೆಯಾಯಿತು. ಸಂಸ್ಥಾನವು ಅಳಿದರೂ ಪೇಟವು ಅಳಿಯಲಿಲ್ಲ. ಶಾಲು, ಹಾರ, ಫಲಪುಷ್ಪಗಳೊಡನೆ ಅದು ಇಂದಿಗೂ ಪ್ರತಿಯೊಂದು ಸನ್ಮಾನಸಭೆಯಲ್ಲಿ ಯಾರ ತಲೆಯ ಮೇಲಾದರೂ ಏರುತ್ತಲೇ ಇದೆ. ಅತಿಬಳಕೆಯಿಂದ ಉಡುಗೊರೆಯ ಅರ್ಥ ಕುಂದುವುದೂ ಉಂಟು. ೨೦೨೩ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ತಮಗೆ ಹಾರ, ಶಾಲುಗಳನ್ನು ಕೊಡಬಾರದೆಂದೂ, ಪ್ರೀತಿಯಿಂದ ಕೊಡುವುದಾದರೆ ಪುಸ್ತಕ ಕೊಡಬಹುದೆಂದೂ ಸಾರ್ವಜನಿಕವಾಗಿ ತಿಳಿಸಿದುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು.

೫

ಚಲನಚಿತ್ರದ ಯುಗದಲ್ಲಿ ಮೂರನೆಯ ಹಂತ ಆರಂಭವಾಗುತ್ತದೆ. ಇಲ್ಲಿ ಉಡುಪನ್ನು ಕೊಡುವ ಅರಸನಿಲ್ಲ, ವಿಧಿಸುವ ದರ್ಬಾರು ಬಕ್ಷಿಯೂ ಇಲ್ಲ. ಧರಿಸುವವರೇ ಆರಿಸಿಕೊಳ್ಳುತ್ತಾರೆ, ನೋಡುವವರು ತೀರ್ಪು ಕೊಡುತ್ತಾರೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ನಮ್ಮ ಗಾದೆಯು ಈ ಹಂತಕ್ಕೆ ವಿಶೇಷವಾಗಿ ಒಪ್ಪುವುದು. ಅಮೆರಿಕೆಯ ಆಸ್ಕರ್ ಸಮಾರಂಭವು ೧೯೨೯ರಲ್ಲಿ ಪ್ರಾರಂಭವಾದರೂ ಅಲ್ಲಿ ಕೆಂಪು ಹಾಸು ಬಂದುದು ೧೯೬೧ರಲ್ಲಿ. ಬ್ಲ್ಯಾಕ್‌ವೆಲ್ ಎಂಬ ಉಡುಪುಕಾರನು ‘ಅತ್ಯಂತ ಕೆಟ್ಟದಾಗಿ ಉಟ್ಟ ಹೆಂಗಸರ’ ವಾರ್ಷಿಕ ಪಟ್ಟಿಯನ್ನು ಹೊರಡಿಸಲು ತೊಡಗಿದುದು ೧೯೬೦ರಲ್ಲಿ. ಹಾಸೂ ಪಟ್ಟಿಯೂ ಹೀಗೆ ಹೆಚ್ಚುಕಡಿಮೆ ಅವಳಿಗಳಾಗಿಯೇ ಹುಟ್ಟಿದವು. ಆ ಪಟ್ಟಿಯು ಹೆಂಗಸರದು ಮಾತ್ರ ಎಂಬುದನ್ನೂ ಗಮನಿಸಬೇಕು. ಗಂಡಸರ ಕಪ್ಪು ಸೂಟು ಅಳತೆಗೆ ಒಳಗಾಗಲಿಲ್ಲ.

ನಮ್ಮಲ್ಲಿ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ೧೯೬೬–೬೭ರಿಂದ ನಡೆದುಬಂದಿವೆ. ಆ ಕಾಲದ ಇಬ್ಬರು ಕಲಾವಿದರನ್ನು ಹೆಸರಿಸುವುದು ಉಚಿತ. ಮಲ್ಲೇಶ್ವರದಲ್ಲಿ ನೆಲೆಸಿ ೨೦೨೫ರ ಜುಲೈಯಲ್ಲಿ ನಿಧನರಾದ ಬಿ. ಸರೋಜಾದೇವಿಯವರ ಸೀರೆ, ರವಿಕೆ, ಒಡವೆ, ಕೇಶಾಲಂಕಾರಗಳನ್ನು ೧೯೬೦ರ ದಶಕದಲ್ಲಿ ದಕ್ಷಿಣದ ಹೆಂಗಸರು ಅನುಕರಿಸಿದರು. ಪಟ್ಟಿಯಿಲ್ಲದ ಕಾಲದಲ್ಲಿ ಅನುಕರಣೆಯೇ ಮೆಚ್ಚುಗೆಯ ದಾಖಲೆಯಾಗಿತ್ತು. ಇನ್ನೊಬ್ಬರು ಡಾ. ರಾಜ್‌ಕುಮಾರ್. ತೆರೆಯ ಮೇಲೆ ಕಿರೀಟಧಾರಿಯಾಗಿ, ಚಕ್ರವರ್ತಿಯಾಗಿ ಮೆರೆದ ಅವರು ಸಭೆಗಳಿಗೆ ಬಿಳಿಯ ಪಂಚೆ, ಬಿಳಿಯ ಅಂಗಿಯಲ್ಲಿ ಬರುತ್ತಿದ್ದರು. ೧೯೯೨ರಲ್ಲಿ ಕರ್ನಾಟಕ ರತ್ನ, ೧೯೯೫ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳು ಬಂದ ಮೇಲೆಯೂ ಅವರ ಗುರುತು ಅದೇ ಬಿಳುಪು. ೨೦೦೬ರ ಏಪ್ರಿಲಿನಲ್ಲಿ ಯಶವಂತಪುರಕ್ಕೆ ಸಮೀಪದ ಕಂಠೀರವ ಸ್ಟುಡಿಯೋ ಆವರಣದಲ್ಲಿ ಅವರ ಅಂತ್ಯಕ್ರಿಯೆಯಾಯಿತು. ಇಂದಿಗೂ ಅಲ್ಲಿಗೆ ಬರುವ ಜನರು ಪಂಚೆಯುಟ್ಟ ರೂಪವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆಂದರೆ ತಪ್ಪಾಗದು.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯವರಿಂದ ಇನ್ನೊಂದು ಬಗೆಯ ಉದಾಹರಣೆ ಸಿಗುತ್ತದೆ. ೨೦೨೨ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವಕ್ಕೆ ತೀರ್ಪುಗಾರರಾಗಿ ಹೋದಾಗ ಅವರು ಆರಂಭದ ದಿನ ಕಪ್ಪು ಮತ್ತು ಹೊಂಬಣ್ಣದ ಪಟ್ಟೆಗಳ ಸೀರೆಯನ್ನುಟ್ಟರು. ೨೦೨೩ರ ಮಾರ್ಚಿಯಲ್ಲಿ ಆಸ್ಕರ್ ವೇದಿಕೆಗೆ ಬಂದಾಗ ಫ್ರಾನ್ಸಿನ ಹೆಸರಾಂತ ಉಡುಪಿನ ಮನೆಯ ಕಪ್ಪು ಗೌನನ್ನು ಧರಿಸಿದರು. ಆ ವರ್ಷ ಅಲ್ಲಿಯ ಹಾಸು ಕೆಂಪಾಗಿರದೆ ತೆಳುವಾದ ಷಾಂಪೇನ್ ಬಣ್ಣದ್ದಾಗಿದ್ದಿತು. ೧೯೬೧ರಿಂದ ನಡೆದ ಪದ್ಧತಿ ಅಂದು ಮುರಿಯಿತು. ಸೀರೆಯೋ ಗೌನೋ ಎಂಬ ಚರ್ಚೆ ಇಲ್ಲಿ ಮುಖ್ಯವಲ್ಲವೆಂದು ನಮ್ಮ ಅಭಿಪ್ರಾಯ. ಕುಲ್ಲಾಯಿಯ ಇತಿಹಾಸವನ್ನು ಬಲ್ಲವರಿಗೆ ಅದು ಆಶ್ಚರ್ಯದ ವಿಷಯವೂ ಅಲ್ಲ. ಆದರೆ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕು. ಉಡುಗೊರೆಯ ವಸ್ತ್ರವು ಸನ್ಮಾನಿತರ ಮನೆಯಲ್ಲಿ ಉಳಿಯುತ್ತಿತ್ತು, ಮಕ್ಕಳು ಮೊಮ್ಮಕ್ಕಳಿಗೆ ಸಾಗುತ್ತಿತ್ತು. ಇಂದಿನ ಹಾಸಿನ ಮೇಲಿನ ಉಡುಪು ಒಡವೆಗಳು ಬಹುಮಟ್ಟಿಗೆ ವ್ಯಾಪಾರದ ಮನೆಗಳಿಂದ ಒಂದು ಸಂಜೆಯ ಮಟ್ಟಿಗೆ ಬಂದು ಮರಳಿ ಹೋಗುತ್ತವೆ. ಮಹಾನವಮಿಯ ಸ್ತ್ರೀಯರಂತೆ ಇಲ್ಲಿಯೂ ಧರಿಸಿದವರು ಇನ್ನೊಬ್ಬರ ಭಂಡಾರವನ್ನು ಹೊತ್ತು ನಡೆಯುವ ಸಂಭವವುಂಟು.

ತೀರ್ಪಿನ ಅಧಿಕಾರವು ನೋಡುವವರ ಕೈಗೆ ಬಂದಾಗ ಅದು ಸೌಮ್ಯವಾಗಿಯೇ ಇರುತ್ತದೆಂದೇನೂ ಇಲ್ಲ. ೧೯೯೬ರ ನವೆಂಬರ್ ೨೩ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಸ್ಪರ್ಧಿಗಳ ಉಡುಪು ಸಂಸ್ಕೃತಿಗೆ ವಿರುದ್ಧವೆಂದು ಕೆಲವರು, ಹೆಣ್ಣನ್ನು ಸರಕಾಗಿ ಮಾಡಲಾಗುತ್ತಿದೆಯೆಂದು ಇನ್ನು ಕೆಲವರು ಪ್ರತಿಭಟಿಸಿದರು. ಈಜುಡುಪಿನ ಭಾಗವನ್ನು ಸೆಷೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಎರಡು ಆಕ್ಷೇಪಗಳೂ ಭಿನ್ನ. ಒಂದು ಧರಿಸಿದವಳನ್ನು ದೂರಿತು, ಇನ್ನೊಂದು ಧರಿಸಲು ಹೇಳಿದವರನ್ನು ಪ್ರಶ್ನಿಸಿತು. ಇಂದಿನ ಪಟ್ಟಿಗಳು ಬಹುತೇಕ ಮೊದಲನೆಯ ಕೆಲಸವನ್ನಷ್ಟೇ ಮುಂದುವರಿಸಿವೆ.

೬

ಈ ತೀರ್ಪಿನ ಅಭ್ಯಾಸವು ಪ್ರಶಸ್ತಿ ಸಭೆಯ ಬಾಗಿಲಿನಲ್ಲಿ ನಿಲ್ಲುವುದಿಲ್ಲವೆಂಬುದೇ ನಮ್ಮ ಮುಖ್ಯವಾದ ಆತಂಕ. ೨೦೨೪ರ ಫೆಬ್ರವರಿಯಲ್ಲಿ ಯಶವಂತಪುರಕ್ಕೆ ಹತ್ತಿರದ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಟಿಕೆಟಿದ್ದ ರೈತರೊಬ್ಬರನ್ನು ಅವರ ಬಟ್ಟೆಯನ್ನು ನೋಡಿ ತಡೆಯಲಾಯಿತು. ಸಹಪ್ರಯಾಣಿಕರು ಅವರ ಪರವಾಗಿ ವಾದಿಸಿದರು. ಅನಂತರ ಸಂಬಂಧಪಟ್ಟ ಭದ್ರತಾ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಅದೇ ವರ್ಷದ ಜುಲೈಯಲ್ಲಿ ಮಾಗಡಿ ರಸ್ತೆಯ ಒಂದು ಮಳಿಗೆ ಸಂಕೀರ್ಣಕ್ಕೆ ಮಗನೊಡನೆ ಚಲನಚಿತ್ರ ನೋಡಲು ಬಂದ ವೃದ್ಧ ರೈತರನ್ನು ಪಂಚೆಯುಟ್ಟಿದ್ದ ಕಾರಣಕ್ಕಾಗಿ ಒಳಗೆ ಬಿಡಲಿಲ್ಲ. ಅದನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರವು ವಿಧಾನಮಂಡಲದಲ್ಲಿ ಘೋಷಿಸಿತು. ರಾಜ್‌ಕುಮಾರರು ಜೀವನವಿಡೀ ಉಟ್ಟ ವಸ್ತ್ರವೇ ಚಿತ್ರ ನೋಡಬಂದ ಪ್ರೇಕ್ಷಕನಿಗೆ ಅಡ್ಡಿಯಾಯಿತು. ‘ಮುಖ ನೋಡಿ ಮಣೆ ಹಾಕು’ವುದನ್ನು ನಮ್ಮ ಹಿರಿಯರು ನಿಂದೆಯಾಗಿಯೇ ಹೇಳುತ್ತಿದ್ದರು.

ಇದಕ್ಕೆ ಎದುರಾಗಿ ಇನ್ನೊಂದು ದೃಶ್ಯವನ್ನು ಇಡಬೇಕು. ೨೦೨೧ರ ನವೆಂಬರ್ ೮ರಂದು ರಾಷ್ಟ್ರಪತಿ ಭವನದ, ಆಗ ದರ್ಬಾರ್ ಹಾಲ್ ಎಂದು ಕರೆಸಿಕೊಳ್ಳುತ್ತಿದ್ದ ಸಭಾಂಗಣದಲ್ಲಿ, ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ಸಹಸ್ರಾರು ಗಿಡಗಳನ್ನು ಬೆಳೆಸಿದ ಅವರು ಹಾಲಕ್ಕಿ ಒಕ್ಕಲಿಗರ ರೂಢಿಯಂತೆ ಸೀರೆ ಸುತ್ತಿ, ಕೊರಳ ತುಂಬ ಮಣಿಸರಗಳನ್ನು ಧರಿಸಿ, ಬರಿಗಾಲಿನಲ್ಲಿ ಕೆಂಪು ಹಾಸಿನ ಮೇಲೆ ನಡೆದರು. ಕಿತ್ತಳೆ ಮಾರಿದ ಹಣದಿಂದ ಊರಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬನವರೂ ಅಂದು ಬಿಳಿಯ ಅಂಗಿ ಪಂಚೆಯಲ್ಲಿ ಬರಿಗಾಲಿನಲ್ಲಿಯೇ ಬಂದರು. ಮರುದಿನ ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರು ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಪ್ರಶಸ್ತಿ ಕೊಡುವವರನ್ನು ಪಡೆಯುವವರು ಹರಸಿದ ಆ ಕ್ಷಣದಲ್ಲಿ ಉಡುಗೊರೆಯ ದಿಕ್ಕೇ ತಿರುಗಿದಂತಾಯಿತು. ೧೮೫೪ರ ನಿರ್ಣಯದಲ್ಲಿ ಕೀಳೆನಿಸಿದ್ದ ಬರಿಗಾಲಿಗೆ ಇಡೀ ಸಭೆ ಗೌರವ ಸಲ್ಲಿಸಿತು. ಆ ಸಭಾಂಗಣಕ್ಕೆ ೨೦೨೪ರ ಜುಲೈಯಲ್ಲಿ ‘ಗಣತಂತ್ರ ಮಂಟಪ’ವೆಂಬ ಹೆಸರು ಬಂದಿತು; ಆ ಹೆಸರಿಗೆ ತಕ್ಕ ನಡಿಗೆ ಅದಕ್ಕೂ ಮುಂಚೆಯೇ ಅಲ್ಲಿ ನಡೆದಿತ್ತೆಂದು ನಾವು ಭಾವಿಸುತ್ತೇವೆ. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು.

೭

ಕೊನೆಯದಾಗಿ ಯಾವ ಪಟ್ಟಿಯಲ್ಲಿಯೂ ಸೇರದವರ ಮಾತು. ನೇಕಾರರು ಮಗ್ಗದ ಮೇಲಿನ ಉದ್ದೆಳೆಯನ್ನು ‘ಹಾಸು’ ಎನ್ನುತ್ತಾರೆ, ಅಡ್ಡೆಳೆಯನ್ನು ‘ಹೊಕ್ಕು’ 
ಎನ್ನುತ್ತಾರೆ. ಯಲಹಂಕದಲ್ಲಿಯೂ ಅದರ ಉತ್ತರದ ದೊಡ್ಡಬಳ್ಳಾಪುರದಲ್ಲಿಯೂ ಮನೆಮನೆಯ ವಿದ್ಯುತ್ ಮಗ್ಗಗಳಲ್ಲಿ ಸೀರೆಗಳು ನೇಯಲ್ಪಡುತ್ತವೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಈ ಸೀಮೆಗೆ ದೂರವಲ್ಲ. ಯಶವಂತಪುರದಾಚೆಯ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಬಹುಪಾಲು ಹೆಂಗಸರು. ೨೦೧೬ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ಹಣವನ್ನು ಹಿಂತೆಗೆಯಲು ಕೇಂದ್ರ ಸರ್ಕಾರ ತಂದ ನಿರ್ಬಂಧವನ್ನು ವಿರೋಧಿಸಿ ನಗರದ ಉಡುಪು ಕಾರ್ಮಿಕರು ಎರಡು ದಿನ ಬೀದಿಗಿಳಿದರು. ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ನೂಲನ್ನೂ ಹೊಲಿಗೆಯನ್ನೂ ಒದಗಿಸಿದವರು ಬಟ್ಟೆಯ ಇತಿಹಾಸದಲ್ಲಿ ಹೆಸರಿನಿಂದ ಕಾಣಿಸಿಕೊಳ್ಳುವುದು ಅಪರೂಪ. ಸಾಮೂಹಿಕವಾಗಿಯಾದರೂ ಅಂದು ಅವರು ಕಾಣಿಸಿಕೊಂಡರು.

ಮೇಲಿನ ಸಮೀಕ್ಷೆಯಿಂದ ನಾವು ತಲುಪುವ ನಿರ್ಣಯಗಳು ಸಂಕ್ಷೇಪವಾಗಿ ಹೀಗಿವೆ. ಸಭಾವೇಷದ ಯೋಗ್ಯತೆಯನ್ನು ಮೊದಲು ಅರಸನು, ಅನಂತರ ನಿಯಮವು, ಈಗ ನೋಡುವವರ ಕಣ್ಣು ನಿರ್ಣಯಿಸುತ್ತಿದೆ. ಅಧಿಕಾರವು ಜನರ ಕೈಗೆ ಬಂದುದು ಹಿತವೇ ಸರಿ. ಆದರೆ ಅರಸನಿಗೆ ತಾನು ಕೊಡುವ ಹೊಣೆಯಿದ್ದಂತೆ ಕಣ್ಣಿಗೆ ಯಾವ ಹೊಣೆಯೂ ಇಲ್ಲ. ಆದುದರಿಂದ ಉಡುಪನ್ನು ತೂಗುವವರು ಅದನ್ನು ಯಾರು ಕೊಟ್ಟರು, ಯಾರು ನೇಯ್ದರು, ಅದನ್ನು ನೋಡಿ ಯಾರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಜೊತೆಗೇ ಕೇಳುವುದು ಒಳ್ಳೆಯದು.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ಸಮೀಪದಲ್ಲಿಯೇ ಇದೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮಡಿಸಿಟ್ಟ ಸನ್ಮಾನದ ಶಾಲುಗಳು, ಪೇಟಗಳು, ಸಭೆಗಳ ಛಾಯಾಚಿತ್ರಗಳು, ಯಲಹಂಕ ದೊಡ್ಡಬಳ್ಳಾಪುರಗಳ ನೇಕಾರರ ಲೆಕ್ಕದ ಪುಸ್ತಕಗಳು, ಅವರ ನೆನಪಿನಲ್ಲಿರುವ ಅಂಚು ಸೆರಗುಗಳ ಹೆಸರುಗಳು ಇವನ್ನೆಲ್ಲ ಕ್ರಮಬದ್ಧವಾಗಿ ಸಂಗ್ರಹಿಸುವುದು ಅವಶ್ಯ. ಹಳೆಯ ಮನೆಗಳು ಕೆಡವಲ್ಪಡುತ್ತಿವೆ, ಮಗ್ಗದ ಹಿರಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ತರುಣ ಸಂಶೋಧಕರು ಈ ಕಾರ್ಯವನ್ನು ಬೇಗನೆ ಕೈಗೊಳ್ಳುವರೆಂದು ನಾವು ಆಶಿಸುತ್ತೇವೆ.